ಫಾಗ್ ಲೈಟಿಗೆ ಉಣ್ಣೆ ಟೋಪಿ

ನಮ್ಮ ಮನೆಯಲ್ಲಿ ಒಂದು ಸ್ಕ್ರೂ ಸಡಿಲವಾದರೂ ಫೋನು ಹೋಗುವುದು ನನ್ನ ಭಾವಮೈದುನನಿಗೇ. ಅವನಿಗೆ ಗ್ಯಾರೇಜಿದೆ, ಒಪ್ಪಿದೆ. ಆದರೆ ಯಜಮಾನ ಅನ್ನುವ ಪ್ರಾಣಿಯೊಂದು ಇಲ್ಲೇ ಸೋಫಾದ ಮೇಲೆ ಕೂತಿರುತ್ತದಲ್ಲ? (ಕೂತೇ ಇರುತ್ತದೆ ಅನ್ನುವುದು ನನ್ನವಳ ತಕರಾರು.)

ನನ್ನವಳಿಗೆ ಗುಡ್ಡದಾಚೆಯ ಶಾಲೆಗೆ ಹೆಡ್‌ಮಿಸ್ಸಾಗಿ ಬಡ್ತಿಯಾಗಿತ್ತು. ಸೋಮವಾರ ಮೊದಲ ದಿನ. ಆ ದಾರಿಯ ಬೆಳಗಿನ ಮಂಜು ನೆನೆದು ಅವಳಿಗೆ ದಿಗಿಲು. ಭಾನುವಾರ ಫಾಗ್ ಲೈಟಿನ ಪೆಟ್ಟಿಗೆ ತಂದು ಕಾರಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತೆ.

"ತಮ್ಮನಿಗೆ ಒಂದು ಮಾತು ಹೇಳ್ಲಾ?"

"ನಿನ್ನ ಗಂಡ ಸತ್ತಿಲ್ಲ."

"ಅದಕ್ಕೇ ಭಯ," ಎಂದಳು.

ಪೆಟ್ಟಿಗೆಯಲ್ಲಿ ಎರಡು ದೀಪ, ವೈರು, ಸ್ವಿಚ್ಚು, ಒಂದು ಫ್ಯೂಸು, ರಿಲೇ ಅನ್ನುವ ಕರೀ ಡಬ್ಬಿ ಇದ್ದವು. ಫ್ಯೂಸಿನ ಕೆಲಸವೇ ಸುಟ್ಟುಹೋಗುವುದು. ಸುಟ್ಟುಹೋಗುವುದನ್ನು ಯಾರಾದರೂ ಕೈಯಾರೆ ಹಾಕುತ್ತಾರೆಯೇ? ಎತ್ತಿಟ್ಟೆ. ರಿಲೇ ಯಾತಕ್ಕೆಂದು ತಿಳಿಯಲಿಲ್ಲ, ಅದನ್ನೂ ಎತ್ತಿಟ್ಟೆ. ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ದೀಪಕ್ಕೆ ನೇರ ವೈರು ಎಳೆದೆ. ಮೊದಲಿಂದಲೂ ನಾನು ನೇರ ಮನುಷ್ಯ.

ದೀಪಗಳು ಝಗ್ಗೆಂದವು. ನನ್ನವಳ ಮುಖವೂ ಅರಳಿತು. ಆಮೇಲೆ ಕೇಳಿದಳು: "ಕೀ ನನ್ನ ಕೈಲಿದೆ. ಹೇಗ್ರೀ ಉರೀತಿದೆ?"

"ಅದೇ ಅದರ ಹೆಚ್ಚುಗಾರಿಕೆ," ಎಂದೆ.

ಅಲ್ಲಿಗೆ ಬಿಟ್ಟಿದ್ದರೆ ಮಾನ ಉಳಿಯುತ್ತಿತ್ತೇನೋ. ಹೊಸ ದೀಪ, ಧೂಳು ಬೀಳಬಾರದು ಅನ್ನಿಸಿತು. ನಮ್ಮ ಜೊತೆಗೇ ಇರುವ ಅತ್ತೆ ಚಳಿಗೆಂದು ನನಗೆ ಹೆಣೆದುಕೊಟ್ಟ ಉಣ್ಣೆ ಟೋಪಿಗಳು ಬೀರುವಿನಲ್ಲಿದ್ದವು. ("ತಲೆಗೆ ಸೆಖೆ ಆಗುತ್ತೆ ಅತ್ತೆ" ಎಂದು ನಾನು ಒಮ್ಮೆಯೂ ತೊಟ್ಟವನಲ್ಲ.) ಎರಡನ್ನು ತಂದು ದೀಪಗಳಿಗೆ ಹಾಕಿದೆ. ಅಳತೆ ಕೊಟ್ಟು ಹೆಣೆಸಿದ ಹಾಗೆ ಕೂತವು. ಆಮೇಲೆ ಕಾರಿನೊಳಗೆ ಕೂತು ಸ್ವಲ್ಪ ಹೊತ್ತು ಹೆಮ್ಮೆಪಟ್ಟೆ. ಸ್ವಿಚ್ಚನ್ನು ಮೊಣಕಾಲು ತಾಗುವ ಜಾಗದಲ್ಲೇ ಕೂರಿಸಿದ್ದೆ. ಇಳಿಯುವಾಗ ಕಾಲು ತಾಗಿ ಅದು ಒತ್ತಿಕೊಂಡಿರಬೇಕು. ಟೋಪಿಯೊಳಗೆ ದೀಪ ಉರಿಯುವುದು ಯಾರಿಗೆ ಕಾಣಬೇಕು?

ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆಯುಟ್ಟು ನನ್ನವಳು ಕೀ ತಿರುಗಿಸಿದಳು. ಕಾರು 'ಟಕ್' ಎಂದಿತು. ಮತ್ತೊಮ್ಮೆ 'ಟಕ್'. ಮುಂದೆ ಉಣ್ಣೆ ಸುಟ್ಟ ಕಮಟು ವಾಸನೆ. ಅವಳು ಬ್ಯಾಗು ತೆಗೆದುಕೊಂಡು ಬಸ್ಸಿಗೆಂದು ಆ ಮಂಜಿನಲ್ಲಿ ನಡೆದೇ ಹೋದಳು. ಅವಳ ಬೆನ್ನು ಕಾಣದಾಗುವವರೆಗೆ ನೋಡುತ್ತಾ ನಿಂತೆ. ಆಮೇಲೆ ನಾನೇ ಭಾವಮೈದುನನಿಗೆ ಫೋನು ಮಾಡಿದೆ.

ಭಾವಮೈದುನ ಬಂದು ಬಾನೆಟ್ ಎತ್ತಿದ. "ಭಾವ, ರಾತ್ರಿಯಿಡೀ ದೀಪ ಉರಿದು ಬ್ಯಾಟರಿ ಖಾಲಿಯಾಗಿದೆ. ಫ್ಯೂಸ್ ಎಲ್ಲಿ?"

"ಭದ್ರವಾಗಿ ಎತ್ತಿಟ್ಟಿದೀನಿ."

"ಈ ವೈರು ಎಲ್ಲಾದ್ರೂ ತಗಡಿಗೆ ಉಜ್ಜಿದ್ರೆ ಅಕ್ಕ ಕೂತಿರುವಾಗ್ಲೇ ಕಾರು ಹೊತ್ತಿಕೊಳ್ತಿತ್ತು," ಎಂದ ಮೆಲ್ಲಗೆ. ಎತ್ತಿಟ್ಟಿದ್ದನ್ನೆಲ್ಲ ತಂದು ಅವನ ಕೈಗಿಟ್ಟೆ. ಅವನು ಬ್ಯಾಟರಿ ಚಾರ್ಜು ಮಾಡಿ, ಫ್ಯೂಸು ಹಾಕಿ, ರಿಲೇ ಕೂರಿಸಿ, ಕೀ ತಿರುಗಿಸಿದರೆ ಮಾತ್ರ ದೀಪ ಉರಿಯುವಂತೆ ಮಾಡಿದ. ಅತ್ತೆ ಕರಿಕಾದ ಟೋಪಿಗಳನ್ನು ಬಿಡಿಸಿಕೊಂಡು, ತಿರುಗಿಸಿ ತಿರುಗಿಸಿ ನೋಡಿ, ಒಳಗೆ ತೆಗೆದುಕೊಂಡು ಹೋದರು.

ಸಂಜೆ ನನ್ನವಳು ಬಂದು ಚಪ್ಪಲಿ ಬಿಟ್ಟಳು.

"ತಡವಾಯ್ತಾ?"

"ಗೇಟು ಹಾಕಿದ್ರು. ತಡವಾಗಿ ಬಂದ ಮಕ್ಕಳ ಸಾಲಿನ ಕೊನೇಲಿ ನಿಂತಿದ್ದೆ. ಗೇಟಿನ ಟೀಚರಿಗೆ ನನ್ನ ಗುರುತಿಲ್ಲ. ಎಲ್ಲರ ಹತ್ರಾನೂ ಕಾರಣ ಕೇಳ್ತಿದ್ರು, ನನ್ನನ್ನೂ ಕೇಳಿದ್ರು."

"ಏನಂದೆ?"

"ನಮ್ಮ ಮನೆಯವರು ಅಂದೆ."

ಮರುದಿನ ಅವಳನ್ನು ಕಳಿಸಲು ಬೆಳಗಿನ ಚಳಿಯಲ್ಲಿ ಬಾಗಿಲಿಗೆ ಬಂದೆ. ಅತ್ತೆ ನಡುನೆತ್ತಿಗೆ ತೂತು ಬಿದ್ದ ಟೋಪಿಯನ್ನು ನನ್ನ ಕೈಗಿಟ್ಟರು.

"ಹಾಕ್ಕೊಳ್ಳಿ ಅಳಿಯಂದ್ರೇ. ಇನ್ಮೇಲೆ ಸೆಖೆ ಆಗಲ್ಲ."

ಹಾಕಿಕೊಂಡೆ.