ಇಪ್ಪತ್ತೆರಡು ಸೊನ್ನೆ

ಗುರುಶಿದ್ದಪ್ಪ ಮಾಡಿದ ತಪ್ಪು ಒಂದೇ. ಹೆಂಡತಿಯ ರಕ್ತದ ರಿಪೋರ್ಟನ್ನು ತಾನೇ ಓದಿದ. ಬಿಳಿ ರಕ್ತಕಣಗಳ ಸಾಲಿನಲ್ಲಿ ಸೊನ್ನೆ ಇತ್ತು. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ ತೂಗಿದ ಮನುಷ್ಯ; ಇಳಿದದ್ದೆಲ್ಲ ಹಾನಿ ಎಂದೇ ಅವನ ತಿಳಿವಳಿಕೆ.

ರಕ್ತದ ಕ್ಯಾನ್ಸರ್ ಆಗಿದ್ದ ರುಕ್ಮವ್ವನಿಗೆ ಅವಳ ತಂಗಿಯ ಅಸ್ಥಿಮಜ್ಜೆ ಕೊಟ್ಟು ಆರು ದಿನವಾಗಿತ್ತು. ಕಂಡಿಷನಿಂಗ್, ಎನ್‌ಗ್ರಾಫ್ಟ್‌ಮೆಂಟ್ ಎಂದು ಡಾಕ್ಟರು ಹೇಳಿದ್ದಕ್ಕೆಲ್ಲ ಗುರುಶಿದ್ದಪ್ಪ ಗೋಣು ಹಾಕಿದ್ದ. ಅರ್ಥ ಕೇಳಲು ನಾಚಿಕೆಯಾಗಿತ್ತು. ಈಗ ಮಾಸ್ಕು ಏರಿಸಿಕೊಂಡು ಆಸ್ಪತ್ರೆಯ ಕೋಣೆಯೊಳಗೆ ಹೋದರೆ ಕೌಂಟ್ ಎಷ್ಟು ಬಂತೆಂದು ಅವಳೇ ಕೇಳಿದಳು.

"ಏರೇತಿ. ಛಲೋ ಏರೇತಿ," ಎಂದ.

ರುಕ್ಮವ್ವ ಸುಮ್ಮನೆ ಗೋಡೆಯ ಕಡೆ ಹೊರಳಿದಳು. ಸಂತೋಷಕ್ಕೆ ಮಾತು ಹೊರಡಲಿಲ್ಲವೆಂದು ಅವನು ತಿಳಿದ.

ಅಂಗಳಕ್ಕೆ ಬಂದು, ದುಃಖ ತಡೆಯದೆ, ಬಳಗದ ವಾಟ್ಸಾಪಿಗೆ 'ರುಕ್ಮವ್ವನ ಕೌಂಟ್ ಸೊನ್ನಿ' ಎಂದು ಹಾಕಿದ. ನಮ್ಮ ಕಡೆ ಇಂಥ ಸುದ್ದಿ ಕೇಳಿದ ಮೇಲೆ ಮಾತಾಡಿಸಿ ಬರದವನು ಬಳಗದವನೇ ಅಲ್ಲ. ತಾಸಿನೊಳಗೆ ಉಣಕಲ್ಲಿನಿಂದ ಎರಡು ಟಂಟಂ ತುಂಬ ಮಂದಿ ಬಂದಿಳಿದರು. ಜೊತೆಗೆ ಬಾಳೆಹಣ್ಣು, ಬ್ರೆಡ್ಡು, ಮಠದ ವಿಭೂತಿ. ತಮ್ಮ ಹನಮೇಶ ಅಣ್ಣನನ್ನು ತಬ್ಬಿಕೊಂಡು ಅತ್ತ. ಅವನಿಗೆ ಎರಡು ದಿನದಿಂದ ನೆಗಡಿ. ಅಳುವಿನ ನಡುವೆ ಐದು ಸಲ ಸೀನಿದ.

ಗದ್ದಲ ಕೇಳಿ ನರ್ಸ್ ಗುಲ್ನಾಜ ಇಳಿದು ಬಂದು ರಿಪೋರ್ಟು ನೋಡಿದಳು.

"ಕಾಕಾ, ಸೊನ್ನಿ ಆಗಲಿ ಅಂತನ ಔಷಧ ಕೊಟ್ಟೇವ್ರಿ. ಬಿತ್ತೂಕಿಂತ ಮೊದಲ ಹೊಲಾ ಹಸನ ಮಾಡೂದಿಲ್ಲೇನ್ರಿ? ಹಂಗ. ತಂಗಿ ಕೊಟ್ಟ ಕಣ ಬೇರು ಬಿಡಾಕ ಇನ್ನೂ ಹತ್ತು ದಿನರೆ ಬೇಕ್ರಿ. ಎನ್‌ಗ್ರಾಫ್ಟ್‌ಮೆಂಟ್ ಅಂದ್ರ ಅದ."

ಗುರುಶಿದ್ದಪ್ಪನ ಹೋದ ಜೀವ ಬಂದಂತಾಯಿತು. ಆದರೆ ಗುಲ್ನಾಜಳ ಕಣ್ಣು ಹನಮೇಶನ ಮೂಗಿನ ಮೇಲಿತ್ತು. ಕೌಂಟ್ ಸೊನ್ನೆಯಿರುವ ಮೈಗೆ ಆ ನೆಗಡಿಯೇ ಗಂಡಾಂತರ. ಅವನು ತಬ್ಬಿಕೊಂಡ ಅಣ್ಣನೂ ಇನ್ನು ಐದು ದಿನ ಒಳಗೆ ಕಾಲಿಡುವಂತಿಲ್ಲ ಎಂದಳು.

ಅಷ್ಟರಲ್ಲಿ ಫೋನು ಬಂತು. ರುಕ್ಮವ್ವ ಅಳುತ್ತಿದ್ದಳು.

"ಈ ವಾರ ಸೊನ್ನಿ ಆಗಬೇಕಂತ ಗುಲ್ನಾಜನ್ನ ಕೇಳಿ ತಿಳಕೊಂಡಿದ್ನಿ. ನೀವು ನೋಡಿದ್ರ ಏರೇತಿ ಅಂದ್ರಿ. ನನಗ ಔಷಧ ಹತ್ತಲಿಲ್ಲೇನ್ರಿ?"

"ಸೊನ್ನೀನ ಆಗೇತಿ, ನಿನ್ನಾಣಿ."

"ಸಮಾಧಾನಕ್ಕ ಹೇಳಬ್ಯಾಡ್ರಿ."

ಫೋನನ್ನು ಗುಲ್ನಾಜಳಿಗೆ ಕೊಟ್ಟ. ಅವಳಿಗೂ ನೀವೇ ಹೇಳಿಕೊಟ್ಟಿರಬೇಕು ಎಂದಳು ರುಕ್ಮವ್ವ.

ಎರಡನೆಯ ಮಹಡಿಯ ಕಿಟಕಿಯ ಗಾಜಿನ ಹಿಂದೆ ಅವಳ ಬೋಳು ತಲೆ ಕಂಡಿತು. ಆ ತಲೆ ನೇವರಿಸಲು ಐದು ದಿನ ಕಾಯಬೇಕಲ್ಲ ಎಂದು ಅವನ ಕಣ್ಣು ತುಂಬಿದವು. ಸ್ಪೀಕರ್ ಒತ್ತಿ ಫೋನನ್ನು ಕಿಸೆಗೆ ಹಾಕಿದ. ಎರಡೂ ಕೈ ಎತ್ತಿ, ತಲೆಯ ಮೇಲೆ ಬೆರಳು ಕೂಡಿಸಿ, ದೊಡ್ಡದೊಂದು ಸೊನ್ನೆ ಮಾಡಿ ನಿಂತ. ಹನಮೇಶ ಏನು ಎತ್ತ ಎಂದು ಕೇಳದೆ ತಾನೂ ಮಾಡಿದ. ನೋಡುನೋಡುತ್ತ ಬಳಗದ ಇಪ್ಪತ್ತೆರಡೂ ಮಂದಿ ಬಿಸಿಲಿನಲ್ಲಿ ಸೊನ್ನೆಗಳಾಗಿ ನಿಂತರು.

ಕಿಸೆಯೊಳಗಿಂದ ರುಕ್ಮವ್ವ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಇಷ್ಟ ದಿನ ನೀವೊಬ್ರ ಸುಳ್ಳು ಹೇಳತಿದ್ರಿ," ಎಂದಳು. "ಈಗ ಬಳಗಕ್ಕೆಲ್ಲಾ ಕಲಿಸೀರಿ."