ಕುಕ್ಕರಿನ ಮೇಲೆ ನನ್ನ ಹೆಸರು

ಧೈರ್ಯವಂತರ ಮನೆಗೆ ತಾಪತ್ರಯ ದಾರಿ ತಪ್ಪಿ ಬರಬಹುದು. ಹೆದರುಪುಕ್ಕಲರ ಮನೆಗೆ ಮಾತ್ರ ಅದು ವಿಳಾಸ ಕೇಳಿಕೊಂಡೇ ಬರುತ್ತದೆ. ನಾನು ಬೀದಿನಾಯಿ ಬೊಗಳಿದರೆ ರಸ್ತೆ ದಾಟುವ ಆಸಾಮಿ. ಕುಂಬಳಕಾಯಿ ಕಳ್ಳ ಅಂದರೆ, ಕದಿಯದೆಯೇ ಹೆಗಲು ಮುಟ್ಟಿ ನೋಡಿಕೊಳ್ಳುವವನು. ಮೇಟಗಳ್ಳಿಯ ಕಾರ್ಖಾನೆಯಲ್ಲಿ ಒಂದೂ ಮೆಮೊ ಇಲ್ಲದೆ ರಿಟೈರಾಗಿ, ಲಕ್ಷ್ಮೀಪುರಂನ ಮನೆಯಲ್ಲಿ ಪೇಪರ್ ಓದಿಕೊಂಡಿದ್ದೆ. ಅಂಥ ನನ್ನನ್ನು ಬೇರೊಂದು ದೇಶದ ಭಯೋತ್ಪಾದನೆ ಕೇಸು ಹುಡುಕಿಕೊಂಡು ಬಂತು.

೧. ಗಟ್ಟಿ ಕೆಲಸ

ಬೆಳಿಗ್ಗೆ ಇಬ್ಬರು ಅಧಿಕಾರಿಗಳು ಬಂದು ಸೋಫಾದಲ್ಲಿ ಕೂತರು. "ನಿಮ್ಮ ಮೇಲಿನ ರೂಮಿನಲ್ಲಿ ಯೋಗ ಕಲಿಯೋಕೆ ಬಂದಿದ್ದ ವಿದೇಶಿಯೊಬ್ಬ ಬಾಡಿಗೆಗೆ ಇದ್ದನಲ್ಲ?"

ಇದ್ದ. ಪೊಲೀಸರಿಗೆ ತಿಳಿಸಿಯೇ ಇಟ್ಟುಕೊಂಡಿದ್ದೆವು. ಮಾತು ಕಡಿಮೆ. ಬೆಳಗಾದರೆ ತಲೆಕೆಳಗಾಗಿ ನಿಲ್ಲುತ್ತಿದ್ದ. ನನ್ನ ಹೆಂಡತಿ ಮಾಡುವ ಪೊಂಗಲ್ ಎಂದರೆ ಪ್ರಾಣ.

"ಅವನ ದೇಶದಲ್ಲಿ ಸಿಕ್ಕಿಬಿದ್ದಿದ್ದಾನೆ. ರೈಲ್ವೆ ಸ್ಟೇಷನ್ನಿಗೆ ಬಾಂಬ್ ಇಡೋಕೆ ಹೊರಟಿದ್ದನಂತೆ. ಇದರಲ್ಲಿ," ಎಂದು ಒಂದು ಫೋಟೊ ಮುಂದಿಟ್ಟರು.

ನಮ್ಮನೆ ಕುಕ್ಕರು! ಅವನು ಊರಿಗೆ ಹೊರಟಾಗ ಹೆಂಡತಿ ಕೊಟ್ಟು ಕಳಿಸಿದ್ದು. ನಮ್ಮದಲ್ಲ ಎನ್ನುವ ಹಾಗೂ ಇಲ್ಲ. ಅಕ್ಕಪಕ್ಕದವರು ಒಯ್ದ ಪಾತ್ರೆ ಹಿಂದಿರುಗುವುದಿಲ್ಲವೆಂದು ಇವಳು ಪಾತ್ರೆ ಕೊಂಡ ಕೂಡಲೇ ಅಂಗಡಿಯಲ್ಲೇ ಹೆಸರು ಕೊರೆಸುತ್ತಾಳೆ, ಚಮಚವನ್ನೂ ಬಿಡುವುದಿಲ್ಲ. ಕುಕ್ಕರಿನ ಹೊಟ್ಟೆಯ ಮೇಲೆ ನನ್ನ ಪೂರ್ತಿ ಹೆಸರು, ಕೆಳಗೆ ಲಕ್ಷ್ಮೀಪುರಂ, ಮೈಸೂರು. ಆ ದೇಶದವರು ಇದ್ಯಾವುದೋ ಗುಪ್ತ ಲಿಪಿಯೆಂದು ತಲೆ ಕೆಡಿಸಿಕೊಂಡು, ಕೊನೆಗೆ ಕನ್ನಡ ಬಲ್ಲವರೊಬ್ಬರನ್ನು ಹಿಡಿದು ಓದಿಸಿದರಂತೆ. ಓದಿದರೆ, ನಾನು. ಅಲ್ಲಿನ ಕೋರ್ಟು ನಮ್ಮ ಸರ್ಕಾರಕ್ಕೆ ಕೋರಿಕೆ ಕಳಿಸಿತ್ತು: ಈ ಮನುಷ್ಯನ ಸಾಕ್ಷಿ ಬೇಕು.

ಹೆಂಡತಿ ಕಾಫಿ ತಂದವಳು ಫೋಟೊ ನೋಡಿದಳು. "ನೋಡಿ, ಒಂದಕ್ಷರನೂ ಮಾಸಿಲ್ಲ! ಆ ಅಂಗಡಿಯವನ ಕೆಲಸ ಗಟ್ಟಿ ಅಂತ ನಾನು ಹೇಳ್ಲಿಲ್ವಾ?"

೨. ಮಂಕಿ ಟೋಪಿ

ಜೊತೆಯಲ್ಲಿ ಕೆಲಸ ಮಾಡಿದ್ದ ಹಿನಕಲ್ಲಿನ ಗೆಳೆಯ ಧೈರ್ಯ ಹೇಳಲು ಬಂದ. "ಎರಡು ದೇಶಕ್ಕೂ ಒಪ್ಪಂದ ಐತೆ ಕಣೋ. ನಿನ್ನ ಅವರ ಕೈಗೆ ಕೊಟ್ಬುಡ್ತಾರೆ," ಎಂದು ಧೈರ್ಯ ಹೇಳಿದ.

ನಾನು ಅನ್ನ ಬಿಟ್ಟೆ. ಸರ್ಕಾರಿ ವಕೀಲೆಯ ಬಳಿ ಓಡಿದೆ. ಆಕೆ ಸಮಾಧಾನವಾಗಿ ಹೇಳಿದರು: "ಹಸ್ತಾಂತರ ಬೇರೆ, ಅವರ ಕೋರ್ಟಿಗೆ ಸಾಕ್ಷಿ ಕೊಡಿಸೋ ನೆರವು ಬೇರೆ. ನೀವೆಲ್ಲಿಗೂ ಹೋಗಬೇಕಾಗಿಲ್ಲ. ನಮ್ಮ ಕೋರ್ಟಲ್ಲೇ ಕೂತು ವೀಡಿಯೊದಲ್ಲಿ ಸಾಕ್ಷಿ ಹೇಳಿ." ನಾನು ಉಸಿರು ಬಿಡುವಷ್ಟರಲ್ಲಿ ಮುಂದುವರಿಸಿದರು: "ಆದರೆ ವಿಷಯ ಗೊತ್ತಿದ್ದೇ ಕುಕ್ಕರ್ ಕೊಟ್ಟಿರಿ ಅಂತ ಅವರಿಗೆ ಅನ್ನಿಸಿದರೆ, ಆಗ ನಿಮ್ಮನ್ನೂ ಆರೋಪಿ ಮಾಡಿ ಹಸ್ತಾಂತರ ಕೇಳಬಹುದು."

ಅಂದಿನಿಂದ ನಿದ್ದೆಯೂ ಹೋಯಿತು. ನಿಜ ಹೇಳುತ್ತೇನೆ, ಜೀವನದಲ್ಲಿ ಅಷ್ಟು ಭಯ ಪಟ್ಟಿರಲಿಲ್ಲ. ಕಣ್ಣು ಮುಚ್ಚಿದರೆ ನೋಡದ ದೇಶದ ಜೈಲು. ಹಿನಕಲ್ಲಿನವನು ಸಾಕ್ಷಿಯ ಹಿಂದಿನ ದಿನ ಮತ್ತೆ ಬಂದು ಒಂದು ಪೊಟ್ಟಣ ಕೈಗಿಟ್ಟ. ಬಿಚ್ಚಿದರೆ ಮಂಕಿ ಟೋಪಿ. "ಅಲ್ಲಿ ಚಳಿ ಜಾಸ್ತಿಯಂತೆ ಕಣೋ."

೩. ಯಮನ ದಿಕ್ಕು

ಕೋರ್ಟಿನ ವೀಡಿಯೊ ಕೊಠಡಿಯಲ್ಲಿ ಪರದೆ, ಕ್ಯಾಮೆರಾ ಎರಡೂ ದಕ್ಷಿಣದ ಗೋಡೆಗಿದ್ದವು. ಪರದೆಯಲ್ಲಿ ಆ ದೇಶದ ನ್ಯಾಯಾಧೀಶರು, ವಕೀಲರು, ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅವನು. ನಮ್ಮ ಕಡೆ ಭಾಷಾಂತರಕ್ಕೆ ಕಾಲೇಜಿನ ಇಂಗ್ಲಿಷ್ ಮೇಷ್ಟ್ರೊಬ್ಬರು.

ದೇವರ ಮೇಲೆ ಪ್ರಮಾಣ ಮಾಡಿ ಎಂದರು. ಮೊದಲೇ ಜೀವ ಅಂಗೈಲಿದೆ, ಯಮನ ದಿಕ್ಕಿಗೆ ಮುಖ ಮಾಡಿ ಪ್ರಮಾಣ ಮಾಡುವುದುಂಟೇ? ಮೆಲ್ಲಗೆ ಕುರ್ಚಿ ಉತ್ತರಕ್ಕೆ ತಿರುಗಿಸಿ ಕೂತು ಕೈಮುಗಿದೆ. ಪರದೆಯಾಚೆ ಗುಸುಗುಸು ಎದ್ದಿತು. ಮೇಷ್ಟ್ರು ನನ್ನ ಕಿವಿಯ ಬಳಿ ಬಗ್ಗಿದರು: "ನಿಮಗೆ ಆರೋಪಿಯ ಭಯ ಇರೋದು ನ್ಯಾಯಾಧೀಶರಿಗೆ ಅರ್ಥವಾಗಿದೆಯಂತೆ. ಮುಖ ತೋರಿಸದೆ ಸಾಕ್ಷಿ ಹೇಳಬಹುದಂತೆ."

ಹೀಗೆ ವಿದೇಶದ ಕೋರ್ಟಿನಲ್ಲಿ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದ್ದು ನನ್ನ ಬೋಳುತಲೆ.

೪. ಊಟ ಆಯ್ತಾ

"ಈ ಕುಕ್ಕರ್ ನಿಮ್ಮದೇ?" ಆ ದೇಶದ ಸರ್ಕಾರಿ ವಕೀಲರು ಕೇಳಿದರು.

"ಹೆಸರು ನನ್ನದು. ಕೊಟ್ಟವಳು ನನ್ನ ಹೆಂಡತಿ," ಎಂದೆ. ಇಷ್ಟು ಬೇಗ ಇಷ್ಟು ಸಹಕಾರ ಅವರಿಗೆ ಯಾವ ದೇಶದಿಂದಲೂ ಸಿಕ್ಕಿರಲಾರದು.

ಹಾಗಾದರೆ ಅವರನ್ನೇ ಕರೆಸಿ ಎಂದರು. ಹೊರಗೆ ಕಾಯುತ್ತಿದ್ದ ಹೆಂಡತಿ ಬಂದು ಯಮನ ದಿಕ್ಕಿಗೇ ಮುಖ ಮಾಡಿ ನೆಟ್ಟಗೆ ಕೂತಳು; ಪಕ್ಕದಲ್ಲಿದ್ದ ನಾನು ಹೆಗಲ ಮೇಲಿಂದ ಪರದೆಯನ್ನು ಕದ್ದು ನೋಡುತ್ತಿದ್ದೆ. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಅವನು ಗಾಜಿನ ಹಿಂದೆ ಎದ್ದು ನಿಂತ. ಇವಳೇ ಕಲಿಸಿದ್ದ ಒಂದೇ ಒಂದು ಕನ್ನಡದ ಮಾತು ಆಡಿದ: "ಊಟ ಆಯ್ತಾ, ಅಮ್ಮ?"

"ಆಯ್ತು ಕಣಪ್ಪ. ನಿಂದು?" ಎಂದುಬಿಟ್ಟಳು.

ಆರೋಪಿ ಸಾಕ್ಷಿಗೆ ಸಂಕೇತ ಕೊಟ್ಟನೆಂದು ಅಲ್ಲಿ ಇಬ್ಬರು ವಕೀಲರು ಎದ್ದು ನಿಂತರು. ಅವಳ ಊಟದಿಂದ ಇವನಿಗೆ ಏನಾಗಬೇಕು ಎಂದು ನ್ಯಾಯಾಧೀಶರು ಕೇಳಿದರು. ಮೇಷ್ಟ್ರು ಬೆವರೊರೆಸಿಕೊಂಡು ವಿವರಿಸಿದರು: "ಏನೂ ಆಗಬೇಕಾಗಿಲ್ಲ ಮಹಾಸ್ವಾಮಿ. ನಮ್ಮೂರಲ್ಲಿ ಎಲ್ಲರೂ ಎಲ್ಲರನ್ನೂ ಕೇಳ್ತಾರೆ. ಇಲ್ಲ ಅಂದರೂ ಯಾರೂ ಬಡಿಸೋದಿಲ್ಲ."

೫. ಎರಡು ದೇಶಗಳ ಮುಂದೆ

ವಕೀಲರು ಕುಕ್ಕರಿನ ಫೋಟೊ ದೊಡ್ಡದು ಮಾಡಿ ತೋರಿಸಿದರು. ಪಕ್ಕದಲ್ಲಿ ಆ ಸ್ಟೇಷನ್ನಿನ ಫೋಟೊ. ಪ್ಲಾಟ್‌ಫಾರ್ಮಿನ ತುಂಬ ಜನ, ಬೆನ್ನಿಗೆ ಚೀಲ ಹಾಕಿಕೊಂಡ ಸ್ಕೂಲ್ ಮಕ್ಕಳು. ನಮ್ಮನೆ ಪೊಂಗಲ್ ತಿಂದ ಕೈ ಇವರನ್ನು ಕೊಲ್ಲಲು ಹೊರಟಿತ್ತಲ್ಲ ಎಂದು ಆಗ ಹುಟ್ಟಿದ ಭಯ ಬೇರೆ. ಅದು ಜೈಲಿನದಲ್ಲ. ಈಗಲೂ ಪೂರ್ತಿ ಹೋಗಿಲ್ಲ.

ವಕೀಲರು ಹೇಳಿದರು: ಆರೋಪಿ ಇದನ್ನು ಮೊದಲು ಊರಾಚೆಯ ಹೊಲದಲ್ಲಿ ಪರೀಕ್ಷಿಸಿದ್ದಾನೆ. ಸಿಡಿಯಲಿಲ್ಲ, ಬರೀ ಬುಸ್ ಎಂದಿತು. ಹೊಗೆ ಕಂಡವರು ಪೊಲೀಸರನ್ನು ಕರೆದರು. ಆಮೇಲೆ ಇವಳ ಕಡೆ ತಿರುಗಿ, "ಅಮ್ಮಾ, ಇದನ್ನು ಅವನಿಗೆ ಯಾಕೆ ಕೊಟ್ಟಿರಿ?" ಎಂದರು.

ಅವಳ ಉತ್ತರದ ಮೇಲೆ ನಮ್ಮಿಬ್ಬರ ಮುಂದಿನ ಬದುಕು ನಿಂತಿತ್ತು. ನಾನು ಮತ್ತೆ ಉತ್ತರಕ್ಕೆ ತಿರುಗಿ ಮನೆದೇವರಿಗೆ ಹರಕೆ ಹೊತ್ತೆ.

ಅವಳು ತಲೆ ತಗ್ಗಿಸಿದಳು. "ಹೇಳೋಕೆ ನಾಚಿಕೆ ಆಗುತ್ತೆ. ಅದರಲ್ಲಿ ಬೇಳೇನೇ ಬೇಯ್ತಿರಲಿಲ್ಲ ಸ್ವಾಮಿ, ಆವಿಯೆಲ್ಲ ಪಕ್ಕದಿಂದ ಹೋಗ್ಬುಡೋದು. ರಿಪೇರಿ ಮಾಡಿಸ್ಕೊಂಡು ಬನ್ನಿ ಅಂತ ಇವರಿಗೆ ಹೇಳಿ ಹೇಳಿ ಸಾಕಾಯ್ತು. ಪೇಪರ್ ಬಿಟ್ಟು ಎದ್ದರೆ ತಾನೇ? ಬೇಜಾರಾಗಿ ಆ ಹುಡುಗನಿಗೆ ಕೊಟ್ಬುಟ್ಟೆ."

ಮೇಷ್ಟ್ರು ಒಂದು ಮಾತೂ ಬಿಡದೆ ಭಾಷಾಂತರಿಸಿದರು. ಆ ನ್ಯಾಯಾಧೀಶರು ಕನ್ನಡಕ ತೆಗೆದು ನನ್ನ ಬೋಳುತಲೆಯನ್ನೇ ದಿಟ್ಟಿಸಿದರಂತೆ. ನಮ್ಮಿಬ್ಬರ ಮೇಲೆ ಯಾವ ಅನುಮಾನವೂ ಇಲ್ಲವೆಂದು ಬರೆಸಿದರು. ಸ್ಟೇಷನ್ನಿನ ಜನರ ಪರವಾಗಿ ಧನ್ಯವಾದವನ್ನೂ ಹೇಳಿದರು.

ಕೋರ್ಟಿನ ಮೆಟ್ಟಿಲಿಳಿಯುವಾಗ ನನಗೆ ಕಣ್ಣು ತುಂಬಿ ಬಂದಿತ್ತು. "ನೋಡಿದೆಯಾ, ನಾನು ಸುಮ್ಮನೆ ಕೂತಿದ್ದಕ್ಕೇ ಅಷ್ಟು ಜನ ಉಳಿದುಕೊಂಡರು," ಎಂದೆ.

"ಇಷ್ಟು ವರ್ಷದಿಂದ ಬಾಯಿ ಬಡ್ಕೊಂಡೆ, ನಮ್ಮ ಬೀದಿಯವರೇ ನಂಬ್ಲಿಲ್ಲ," ಎಂದಳು ಸೆರಗು ಸರಿಮಾಡಿಕೊಳ್ಳುತ್ತಾ. "ನೀವು ಮನೆ ಕೆಲಸ ಮಾಡಲ್ಲ ಅಂತ ಈಗ ಎರಡು ಸರ್ಕಾರ ಸೇರಿ ಬರ್ಕೊಂಡಿವೆ."