ನಮ್ಮತ್ತೆ ಮಿಗಿಸದ ಸ್ಕ್ರೂ

ನಮ್ಮ ಸೋದರತ್ತೆ ಮುಟ್ಟಿದ್ದರಿಂದ ಈವರೆಗೆ ಯಾವ ಯಂತ್ರವೂ ಕೆಟ್ಟಿಲ್ಲ. ಇದು ನನ್ನ ಮಾತಲ್ಲ, ಅವಳದೇ ಮಾತು! ಅವಳು ಮುಟ್ಟಿದ ಮೇಲೆ ನಿಂತುಹೋದ ಯಂತ್ರಗಳೆಲ್ಲ ಹೇಗೂ ನಿಲ್ಲುವುದರಲ್ಲಿದ್ದವಂತೆ. ಇವಳು ಕೈಯಿಟ್ಟಿದ್ದಕ್ಕೇ ಅಷ್ಟು ದಿನವಾದರೂ ಬಾಳಿದವಂತೆ. ಇಂಥ ವಾದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು, ನೀವೇ ಹೇಳಿ!

ಬೇರೆ ಹೆಂಗಸರು ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡರೆ ನಮ್ಮತ್ತೆ ಸಿಕ್ಕಿಸಿಕೊಳ್ಳುವುದು ಟೆಸ್ಟರು. ಹೊನ್ನವಳ್ಳಿಯ ಅವಳ ತೋಟದಲ್ಲಿ ಬೋರ್‌ವೆಲ್ ಮೋಟರು ಗುಂಯ್ ಎಂದು ನಿಂತರೆ ಲೈನ್‌ಮನ್‌ಗೆ ಹೇಳಿಕಳುಹಿಸುವ ಪದ್ಧತಿಯೇ ಇಲ್ಲ. ಸೆರಗು ಬಿಗಿದು, ರಬ್ಬರ್ ಚಪ್ಪಲಿ ಮೆಟ್ಟಿ, ಸ್ಟಾರ್ಟರಿನ ಮುಚ್ಚಳ ತೆಗೆದು, ಮೂರು ತಂತಿಗೂ ಟೆಸ್ಟರ್ ಇಟ್ಟು ನೋಡಿ, "ಒಂದ್ ಫೇಸ್ ಇಲ್ಲ" ಎಂದು ತೀರ್ಪು ಕೊಡುತ್ತಾಳೆ. ಮಾವ ತೀರಿಕೊಂಡಾಗ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಂದಿನಿಂದ ತೋಟ, ಅಟ್ಟದ ಕೊಬ್ಬರಿ, ಮೋಟರು, ಮಗಳು ಎಲ್ಲವನ್ನೂ ಒಬ್ಬಳೇ ನಡೆಸಿಕೊಂಡು ಬಂದವಳು. ಹಾಗಾಗಿಯೋ ಏನೋ, ಲೋಕದ ಸಕಲ ತೊಂದರೆಗೂ ಅವಳ ಬಳಿ ಇರುವುದು ಒಂದೇ ವಿವರಣೆ. ಕರೆದರೆ ಬಾರದ ಎಮ್ಮೆಗೆ ಫೇಸಿಲ್ಲ, ಉಬ್ಬದ ಇಡ್ಲಿಗೆ ಫೇಸಿಲ್ಲ. ಮಗಳನ್ನು ನೋಡಲು ಬಂದ ಮೊದಲ ಗಂಡು ಉಪ್ಪಿಟ್ಟು ಮುಗಿಯುವವರೆಗೂ ಒಂದು ಮಾತಾಡಲಿಲ್ಲ. ಅವನು ಇನ್ನೂ ಜಗಲಿ ಇಳಿದಿರಲಿಲ್ಲ, ಅತ್ತೆ ನನ್ನ ಕಿವಿಯಲ್ಲಿ, ಅಂದರೆ ಬೀದಿಗೆಲ್ಲ ಕೇಳುವಂತೆ, "ಎರಡ್ ಫೇಸ್ ಇಲ್ಲ ಕಣೇ ಇವ್ನಿಗೆ" ಎಂದಳು. ಆ ಸಂಬಂಧ ಅಲ್ಲಿಗೇ ಟ್ರಿಪ್ ಆಯಿತು.

ಇನ್ನೊಂದು ವಿಷಯ. ಅತ್ತೆ ಏನನ್ನೇ ಬಿಚ್ಚಿ ಜೋಡಿಸಿದರೂ ಕೊನೆಗೆ ಅವಳ ಅಂಗೈಯಲ್ಲಿ ಒಂದು ಸ್ಕ್ರೂ ಉಳಿಯುತ್ತದೆ. ನಮ್ಮ ಗ್ರೈಂಡರಿನದು ಉಳಿದಿದೆ, ರೇಡಿಯೋದ್ದು ಉಳಿದಿದೆ. ನಡುಮನೆಯ ಫ್ಯಾನಿನದು ಉಳಿದ ದಿನದಿಂದ ಅದರ ಕೆಳಗೆ ಯಾರೂ ಎಲೆ ಹಾಕಿಸಿಕೊಂಡು ಊಟಕ್ಕೆ ಕೂತಿಲ್ಲ!

"ಕಂಪ್ನಿಯೋರು ಒಂದ್ ಜಾಸ್ತಿ ಹಾಕಿರ್ತಾರೆ ಕಣೇ. ಜನ ಕಳೀತಾರೆ ಅಂತ ಅವ್ರಿಗ್ ಗೊತ್ತಿರಲ್ವಾ?" ಎಂದು ನನಗೇ ಬುದ್ಧಿ ಹೇಳುತ್ತಾಳೆ.

ತಿಪಟೂರಿನ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ನಾನು ಲಗ್ನಪತ್ರಿಕೆ ಟೈಪು ಮಾಡುವ ಕೆಲಸ ಹಿಡಿದ ಮೇಲೆ. ನಾನು ಅಕ್ಷರ ಜೋಡಿಸಿ ಫ್ಲಾಪಿಯಲ್ಲಿ ಕೊಟ್ಟರೆ ಪ್ರೆಸ್ಸಿನವರು ಅಚ್ಚು ಹಾಕುತ್ತಿದ್ದರು. ಅತ್ತೆ ಅದನ್ನು ಮೊದಲ ಸಲ ನೋಡಿದಾಗ ಅದರ ಸಿಪಿಯು ಡಬ್ಬಿಯೊಳಗೆ ಫ್ಯಾನು ತಿರುಗುವ ಸದ್ದು ಕೇಳಿ, "ಬೇರಿಂಗ್ ಅಳ್ತೈತಲ್ಲೇ" ಎಂದು ಮರುಗಿದಳು. ನಾನು ಕಾಫಿ ಮಾಡಿ ತರುವಷ್ಟರಲ್ಲಿ ಡಬ್ಬಿ ಬಿಚ್ಚಿ, ಫ್ಯಾನಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು, ಮುಚ್ಚಿಯೂ ಆಗಿತ್ತು!

"ನೋಡ್ದೇನೇ, ಈ ಸಲ ಒಂದೂ ಮಿಗ್ಲಿಲ್ಲ!" ಎಂದು ಖಾಲಿ ಅಂಗೈ ತೋರಿಸಿ ಬೀಗಿದಳು. ನಾನೂ ಮೆಚ್ಚಿಕೊಂಡೆ. ಇಬ್ಬರಲ್ಲಿ ಒಬ್ಬರಾದರೂ ಅನುಮಾನ ಪಡಬೇಕಿತ್ತು.

ಮುಂದೆ ಅವಳ ಮಗಳಿಗೆ ಮೂರೂ ಫೇಸು ಸರಿಯಿರುವ ಗಂಡು ಸಿಕ್ಕಿದ. ಮದುವೆ ಗೊತ್ತಾಯಿತು. ಪತ್ರಿಕೆಯ ಕೆಲಸ ನನ್ನದಲ್ಲದೆ ಇನ್ನಾರದು? ಆದರೆ ಪತ್ರಿಕೆಯ ತಲೆಯಲ್ಲಿ, ಜನರನ್ನು ಮದುವೆಗೆ ಕರೆಯುವವರು ಯಾರೆಂದು ಹೆಸರು ಹಾಕಬೇಕಲ್ಲ. ಗಂಡನಿಲ್ಲದ ತಾಯಿಯ ಹೆಸರನ್ನು ಅಲ್ಲಿ ಹಾಕುವ ರೂಢಿ ನಮ್ಮ ಕಡೆ ಇರಲಿಲ್ಲ. ಚಿಕ್ಕಪ್ಪನದೋ ದೊಡ್ಡಪ್ಪನದೋ ಹಾಕಿ ಮುಗಿಸುತ್ತಿದ್ದರು.

"ನಮ್ ಮೈದ್ನನ ಹೆಸ್ರು ಹಾಕ್ಬುಡು. ಶುಭಕಾರ್ಯ, ನಂದ್ಯಾಕೆ ಅಲ್ಲಿ" ಎಂದಳು ಅತ್ತೆ.

ಆ ಮೈದುನ ಇವಳ ತೋಟದ ಕಡೆ ಬರುತ್ತಿದ್ದುದು ಎಳನೀರು ಕುಡಿಯುವುದಕ್ಕೆ ಮಾತ್ರ. ಹಾಗಿರಲಿ, ಎಲ್ಲದಕ್ಕೂ ಮುಂದಾಗಿ ಕೈಹಾಕುವ ನಮ್ಮತ್ತೆಯ ಬಾಯಲ್ಲಿ 'ನಂದ್ಯಾಕೆ' ಎಂಬ ಮಾತು ನಾನು ಅದುವರೆಗೆ ಕೇಳಿರಲಿಲ್ಲ. ಹೂಂ ಎಂದು ತಲೆಯಾಡಿಸಿ, ಅವಳು ಊರಿಗೆ ಹೋದ ಮೇಲೆ ಅವಳ ಹೆಸರನ್ನೇ ಟೈಪು ಮಾಡಿದೆ. ಪ್ರೆಸ್ಸಿಗೆ ಕೊಡುವ ಮುಂಚೆ ತೋರಿಸುವುದು, ನಯವಾಗಿ ಒಪ್ಪಿಸುವುದು, ಒಪ್ಪದಿದ್ದರೆ ಅಳಿಸುವುದು, ಇದು ನನ್ನ ಲೆಕ್ಕಾಚಾರ.

ಶನಿವಾರ ಸಂಜೆಯೊಳಗೆ ಫ್ಲಾಪಿ ಪ್ರೆಸ್ಸಿಗೆ ಮುಟ್ಟಬೇಕಿತ್ತು. ತಪ್ಪಿದರೆ ಅವರಿಗೆ ಬೇರೆ ಮದುವೆಗಳ ಅಚ್ಚು ಕಾದಿತ್ತು, ನಮ್ಮ ಪತ್ರಿಕೆ ಮದುವೆ ಊಟದ ಹೊತ್ತಿಗೆ ಕೈಸೇರುತ್ತಿತ್ತು. ಶುಕ್ರವಾರ ನಾನು ಡಬ್ಬಿಯನ್ನು ಅತ್ತಿತ್ತ ಎಳೆದು ಮೇಜಿನ ಮೂಲೆಯೆಲ್ಲ ಗುಡಿಸಿದೆ. ಶನಿವಾರ ಬೆಳಗ್ಗೆ ಗುಂಡಿ ಒತ್ತಿದರೆ ಕಂಪ್ಯೂಟರ್ ಕಣ್ಣೇ ಬಿಡಲಿಲ್ಲ. ದೀಪವಿಲ್ಲ, ಫ್ಯಾನಿನ ಸದ್ದಿಲ್ಲ. ಪ್ಲಗ್ಗು ಕಿತ್ತು ಹಾಕಿದೆ, ಬೇರೆ ಸಾಕೆಟ್ಟಿಗೆ ಹಾಕಿದೆ, ದೇವರಿಗೆ ಕೈಮುಗಿದು ಹಾಕಿದೆ. ಊಹೂಂ! ನಮ್ಮ ಯಜಮಾನರು, "ಹಂಗ್ ಒತ್ತಕ್ಕೆ ಅದೇನು ಕಾಲಿಂಗ್ ಬೆಲ್ಲಾ? ಒಳಗಿಂದ ಯಾರಾದ್ರೂ ಬಂದು ಬಾಗ್ಲು ತೆಗೀತಾರಾ?" ಎಂದು ನಕ್ಕು ಕೆಲಸಕ್ಕೆ ಹೋದರು. ಅಂಗಡಿಗೆ ಫೋನು ಮಾಡಿದರೆ ಸೋಮವಾರ ಬರುತ್ತೇವೆ ಎಂದರು. ನಾನು ತಲೆಮೇಲೆ ಕೈಹೊತ್ತು ಕೂತಿದ್ದಾಗ ಹೊನ್ನವಳ್ಳಿ ಬಸ್ಸಿಳಿದು ಅತ್ತೆ ಬಂದಳು.

"ಯಾಕೇ, ಮುಖ ಹಿಂಗ್ ಮಾಡ್ಕಂಡ್ ಕುಂತಿದ್ದೀಯ?"

"ಕಂಪ್ಯೂಟರ್ ಆನೇ ಆಗ್ತಿಲ್ಲ ಕಣತ್ತೆ. ಪತ್ರಿಕೆಯೆಲ್ಲ ಅದ್ರೊಳಗೇ ಐತೆ. ಬೇರೆಲ್ಲೂ ಇಟ್ಟಿಲ್ಲ."

ಅತ್ತೆಯ ಮುಖದಲ್ಲಿ ಗಾಬರಿ ಕಾಣುತ್ತದೆಂದು ನಾನು ಕಾದೆ. ಕಂಡದ್ದು ಹಬ್ಬದ ಕಳೆ! ಕೈಚೀಲ ಅಲ್ಲೇ ಬಿತ್ತು, ಟೆಸ್ಟರು ಹೊರಗೆ ಬಂತು. ಸಾಕೆಟ್ಟಿನ ತೂತಿಗೆ ಇಟ್ಟು ನೋಡಿದಳು.

"ಇಲ್ಲಿಗಂಟ ಕರೆಂಟ್ ಬತ್ತೈತೆ. ಐಬು ಡಬ್ಬೀದೇ. ತ್ರೀ ಫೇಸ್ ಬೇಕೇನೋ ಇದುಕ್ಕೆ?"

"ಅತ್ತೆ, ಇದು ಮೋಟರಲ್ಲ."

"ಹಂಗಾರೆ ಒಳಗ್ ತಿರುಗ್ತಿದ್ದಿದ್ದು ಏನು, ರಾಗಿಕಲ್ಲಾ?"

ಇಷ್ಟೆಂದವಳೇ ತಂತಿಗಳನ್ನೆಲ್ಲ ಕಿತ್ತು, ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಯ ಪಕ್ಕಕ್ಕೆ ತಂದು ಅಲ್ಲಾಡಿಸಿದಳು. ನಮ್ಮ ಸೀಮೆಯಲ್ಲಿ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಹೀಗೆಯೇ ನೋಡುವುದು. ಒಳಗೆ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟಿದ್ದರೆ ಲೊಟಲೊಟ ಎನ್ನುತ್ತದೆ. ಕಾಯಿಗೇನೋ ಸರಿ, ಕಂಪ್ಯೂಟರಿಗೆ ಈ ಪರೀಕ್ಷೆ ಮಾಡಿದವರು ಭೂಮಿಯ ಮೇಲೆ ಇನ್ನೊಬ್ಬರಿದ್ದರೆ ನನಗೆ ತಿಳಿಸಿ!

"ಅತ್ತೆ, ಬ್ಯಾಡ! ಪತ್ರಿಕೆ ಹೋಗ್ಬುಡ್ತೈತೆ!" ಎಂದು ಕಿರುಚಿದೆ.

ಒಳಗಿನಿಂದ 'ಲೊಟಕ್' ಎಂದಿತು.

"ಗಿಟುಕು ಬುಟ್ಟೈತೆ ಕಣೇ!" ಎಂದು ಅತ್ತೆ ಕುಣಿದಳು. ಮುಚ್ಚಳ ಬಿಚ್ಚಿ ಡಬ್ಬಿಯನ್ನು ಮಗುಚಿದ್ದೇ ತಡ, ಟಣ್ ಎಂದು ನೆಲಕ್ಕೆ ಬಿದ್ದದ್ದು ಒಂದು ಸ್ಕ್ರೂ. ಅಂದು ಮಿಗದೇ ಇದ್ದ ಅದೇ ಸ್ಕ್ರೂ! ಒಳಗಿನ ಸರ್ಕ್ಯೂಟ್ ಹಲಗೆಗೂ ಡಬ್ಬಿಯ ತಗಡಿಗೂ ಮಧ್ಯೆ ಅದು ಸಿಕ್ಕಿಕೊಂಡಿದ್ದರೆ ಕಂಪ್ಯೂಟರ್ ಆನ್ ಆಗುವುದೇ ಇಲ್ಲವೆಂದು ಅಂಗಡಿಯವರು ಆಮೇಲೆ ಹೇಳಿದರು. ಆ ಗಳಿಗೆಯಲ್ಲಿ ನನಗೆ ಅದೆಲ್ಲ ಏನು ಗೊತ್ತು? ಸ್ಕ್ರೂ ನೋಡಿದೆ, ಅತ್ತೆಯನ್ನು ನೋಡಿದೆ. ಅವಳಿಗೆ ನಾಚಿಕೆಯಾಯಿತೇ? ನಮ್ಮತ್ತೆಗೆ?

"ನೋಡ್ದೇನೇ! ಒಂದ್ ಜಾಸ್ತಿ ಹಾಕಿರ್ತಾರೆ ಅಂತ ನಾನ್ ಅವತ್ತೇ ಹೇಳಿರ್ಲಿಲ್ವಾ?"

ತಂತಿ ಸಿಕ್ಕಿಸಿ ಗುಂಡಿ ಒತ್ತಿದೆ. ಫ್ಯಾನು ಗುರ್ರೆಂದಿತು, ದೀಪ ಹತ್ತಿತು. ನನಗೆ ಹೋದ ಜೀವ ಬಂತು. ಬಂದ ಜೀವ ಮರುಕ್ಷಣವೇ ಬಾಯಿಗೂ ಬಂತು. ಅತ್ತೆ ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದಳು!

"ಕೈ ತೊಳ್ಕಂಡ್ ಬಾ ಅತ್ತೆ, ಕಾಫಿ ಕುಡಿಯಾಣ."

"ಕಾಫಿ ಎಲ್ಲೋಯ್ತೈತೆ? ಪತ್ರಿಕೆ ತೋರ್ಸು."

ನಯವಾಗಿ ಒಪ್ಪಿಸಲು ನಾನು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತೇಹೋಯಿತು. ಪತ್ರಿಕೆ ತೆಗೆದೆ. ಅತ್ತೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದತೊಡಗಿದಳು. ಮನೆದೇವರ ಹೆಸರು ದಾಟಿತು. ಅದರ ಕೆಳಗಿನ ಸಾಲಿಗೆ ಬಂದವಳು ಅಲ್ಲೇ ನಿಂತಳು. ಮುಂದಕ್ಕೆ ಹೋಗಲಿಲ್ಲ.

"ಇದ್ ನನ್ ಹೆಸ್ರಲ್ವೇನೇ?"

"ಹೂಂ."

"ಯಾರ್ ಹೇಳುದ್ರು ನಿಂಗೆ ಹಾಕು ಅಂತ?"

"ಯಾರೂ ಹೇಳ್ಲಿಲ್ಲ. ಮಗ್ಳುನ್ನ ಸಾಕ್ದೋಳು ನೀನು. ಕರಿಯೋಳು ಇನ್ಯಾರತ್ತೆ?"

ಅತ್ತೆ ಪರದೆಗೆ ಬೆರಳಿಟ್ಟು ಅದೇ ಸಾಲನ್ನು ಮತ್ತೆ ಮೊದಲಿಂದ ಕೂಡಿಸಿಕೊಂಡು ಓದಿದಳು. ನನಗೆ ಭಯವಾಯಿತು.

"ಬ್ಯಾಡ ಅಂದ್ರೆ ಅಳಿಸ್ಬುಡ್ತೀನಿ" ಎಂದು ಕೀಬೋರ್ಡಿಗೆ ಕೈಯಿಟ್ಟೆ.

ಅತ್ತೆ ಗಪ್ಪನೆ ನನ್ನ ಕೈ ಹಿಡಿದುಕೊಂಡಳು. ಸೆರಗಿನ ತುದಿಯಿಂದ ಮೊದಲು ಪರದೆಯ ಮೇಲಿನ ಧೂಳು ಒರೆಸಿದಳು, ತನ್ನ ಹೆಸರಿರುವಷ್ಟು ಜಾಗ ಮಾತ್ರ. ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕೈ ಮಾತ್ರ ಬಿಡಲಿಲ್ಲ.

"ಒಂಚೂರು ದಪ್ಪ ಮಾಡೇ" ಎಂದಳು. "ಕನ್ನಡ್ಕ ಇಲ್ದೋರ್ಗೂ ಕಾಣ್ಲಿ."